ಬಾಗಿದ ಮುದ್ರೆ

ಫೆಬ್ರವರಿ ೨, ೧೯೮೨, ಮಂಗಳವಾರ

ಬೆಳಗಿನ ಪತ್ರಿಕೆಯಲ್ಲಿ ನಮ್ಮ ಕಂಪನಿಯ ಹೆಸರು ಬಂದಿದೆ. ಅದೂ ಮೊದಲ ಪುಟದಲ್ಲಿ, ದಪ್ಪಕ್ಷರದಲ್ಲಿ. ಮೂವತ್ತೊಂದು ವರ್ಷದಿಂದ ಕಾಗದಪತ್ರ ವಿಭಾಗದಲ್ಲಿ ಕೂತಿದ್ದೇನೆ. ‘ಹಿನಾತ್ಸು ಟ್ರೇಡಿಂಗ್’ ಅನ್ನುವ ಅಕ್ಷರಗಳನ್ನು ಜಾಹೀರಾತು ಬಿಟ್ಟು ಬೇರೆಲ್ಲೂ ಇಷ್ಟು ದೊಡ್ಡದಾಗಿ ನೋಡಿರಲಿಲ್ಲ.

ಸಂಗತಿ ಇಷ್ಟು. ಕರಾವಳಿ ಕಾವಲಿನ ರಾಡಾರುಗಳನ್ನು ನಮ್ಮ ದೇಶದ ಕಾರ್ಖಾನೆಯಿಂದಲೇ ಕೊಳ್ಳುವುದೆಂದು ಸರ್ಕಾರ ಎರಡು ವರ್ಷದ ಹಿಂದೆ ತೀರ್ಮಾನಿಸಿತ್ತು. ಹೋದ ಬೇಸಿಗೆಯಲ್ಲಿ ಆ ತೀರ್ಮಾನ ಮಗುಚಿ ಬಿತ್ತು. ವಿದೇಶಿ ಕಂಪನಿಯ ರಾಡಾರು ಬಂತು, ತಂದುಕೊಟ್ಟವರು ನಾವು. ಈಗ ಆ ಕಂಪನಿಯ ದೇಶದ ಸಂಸತ್ತು ಅದರ ಅಧಿಕಾರಿಗಳನ್ನು ಕೂರಿಸಿಕೊಂಡು ಕೇಳಿದಾಗ ಒಬ್ಬ ಬಾಯಿಬಿಟ್ಟಿದ್ದಾನೆ. ಟೋಕಿಯೊದ ಏಜೆಂಟರ ಮೂಲಕ ಉಪಮಂತ್ರಿಯ ಕಡೆಯವರಿಗೆ ‘ಸಲಹಾ ಶುಲ್ಕ’ ತಲುಪಿಸಿದೆವು ಅಂದಿದ್ದಾನೆ. ಹಾಗೆ ಬಾಯಿಬಿಟ್ಟ ಎತ್ತರದ ಮನುಷ್ಯ ನನಗೆ ಗೊತ್ತು. ಹೋದ ವರ್ಷ ಬಂದು ನಮಗೆಲ್ಲ ಒಂದೊಂದು ಡಬ್ಬಿ ಚಾಕೊಲೇಟ್ ಹಂಚಿ ಹೋಗಿದ್ದ. ನನ್ನ ಡಬ್ಬಿಯಲ್ಲಿ ಈಗ ಅಂಗಿಯ ಗುಂಡಿಗಳಿವೆ.

ಓದುತ್ತಾ ಬಲಭುಜ ತಿಕ್ಕಿಕೊಂಡೆನಂತೆ. ಅಮ್ಮನಿಗೆ ಎಂಬತ್ತೆರಡು, ಕಣ್ಣು ಮಾತ್ರ ಇನ್ನೂ ಚುರುಕು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ,” ಅಂದಳು.

“ಅಮ್ಮಾ, ಇದು ಐವತ್ತು ದಾಟಿದೋರಿಗೆ ಬರೋ ಭುಜದ ನೋವು. ಡಾಕ್ಟ್ರೇ ಹೇಳಿದಾರೆ.”

“ಡಾಕ್ಟ್ರಿಗೇನು ಗೊತ್ತು ನಿಮ್ಮ ಕಂಪನಿ ವಿಷಯ!”

ಮೇಲಿನ ಹಲಗೆಯಿಂದ ಚಹಾ ಡಬ್ಬಿ ಇಳಿಸಲೂ ಆಗುತ್ತಿಲ್ಲ. ಎಡಗೈಯಲ್ಲಿ ತೆಗೆಯಲು ಹೋಗಿ ಅರ್ಧ ಚೆಲ್ಲಿದೆ.

ಆಫೀಸಿನಲ್ಲಿ ಯಾರೂ ಆ ಮಾತೆತ್ತಲಿಲ್ಲ. ರಾಡಾರು ವ್ಯವಹಾರ ನೋಡಿಕೊಂಡ ವಿಭಾಗದ ಮುಖ್ಯಸ್ಥ ಮುಗಿತಾನಿಯವರು ನನ್ನ ಮೇಜಿನ ಮುಂದೆ ಬಂದು ನಿಂತರು. ಯಾಕೆ ಬಂದೆನೆಂಬುದೇ ಮರೆತವರಂತೆ ಹಾಗೇ ವಾಪಸು ಹೋದರು. ಇಪ್ಪತ್ತೊಂದು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗಲೂ ಹೀಗೇ ನಿಂತಿದ್ದರು, ಕೈಯಲ್ಲಿ ಸಹಿಯ ಬದಲು ಒತ್ತುವ ಹೆಸರಿನ ಹೊಸ ಮೊಹರು ಹಿಡಿದುಕೊಂಡು. “ಇದನ್ನ ಹೇಗೆ ಒತ್ತೋದು?” ಎಂದು ಕೇಳಿದ್ದರು. ಆಗ ಹೇಳಿಕೊಟ್ಟವಳು ನಾನು. ಒಪ್ಪಿಗೆ ಪತ್ರದಲ್ಲಿ ಮುದ್ರೆ ಒತ್ತುವ ಚೌಕಗಳಿರುತ್ತವೆ, ಎಡತುದಿಯ ಚೌಕ ಎಲ್ಲರಿಗಿಂತ ದೊಡ್ಡವರದು, ಬಲಕ್ಕೆ ಬಂದಂತೆ ಚಿಕ್ಕವರದು. ಚಿಕ್ಕವರ ಮುದ್ರೆ ಎಡಕ್ಕೆ ಸ್ವಲ್ಪ ಓರೆಯಾಗಿ ಬೀಳಬೇಕು, ದೊಡ್ಡವರ ಮುದ್ರೆಗೆ ತಲೆಬಾಗಿದ ಹಾಗೆ. ತುದಿಯ ಚೌಕದವರದು ಮಾತ್ರ ನೆಟ್ಟಗಿರುತ್ತದೆ, ಅವರು ಬಾಗಬೇಕಾದವರು ಯಾರೂ ಇಲ್ಲವಲ್ಲ. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಆದರೆ ನನ್ನ ಕೈಯಲ್ಲಿ ಕಲಿತವರ ಮುದ್ರೆ ಎಷ್ಟು ಬಾಗಬೇಕೋ ಅಷ್ಟೇ ಬಾಗುತ್ತದೆ. ಅದೊಂದು ಹೆಮ್ಮೆ ನನಗೆ.

ಫೆಬ್ರವರಿ ೫, ಶುಕ್ರವಾರ

ನಾಲ್ಕು ಗಂಟೆಗೆ ಆಡಳಿತ ವಿಭಾಗದ ಡೋಹಿಯವರು ಚಿಕ್ಕ ಸಭಾಕೋಣೆಗೆ ಕರೆದರು. ಒಳಗೆ ಮುಗಿತಾನಿಯವರೂ ಅವರ ಕೈಕೆಳಗಿನ ಗುಮಾಸ್ತರೂ ಕೂತಿದ್ದರು. ಮೇಜಿನ ಮೇಲೆ ಒಂದು ಒಪ್ಪಿಗೆ ಪತ್ರವಿತ್ತು. ಸಲಹಾ ಶುಲ್ಕ ಕೊಡಬಹುದೆಂದು ಹೋದ ಜೂನ್‌ನಲ್ಲಿ ಹೊರಟ ಪತ್ರವೇ, ಅದೇ ತಾರೀಖು, ಅದೇ ಒಕ್ಕಣೆ. ಆದರೆ ಜೂನ್‌ನ ಪತ್ರದಲ್ಲಿ ಐದು ಚೌಕಗಳಿದ್ದವು. ಎಡತುದಿಯಲ್ಲಿ ಆಡಳಿತ ನಿರ್ದೇಶಕ ಉಕೈಯವರದು, ಆಮೇಲೆ ಡೋಹಿಯವರದು, ಮುಗಿತಾನಿಯವರದು, ಗುಮಾಸ್ತರದು, ಕೊನೆಗೆ ನನ್ನದು. ಈ ಪತ್ರದಲ್ಲಿ ಮೂರೇ. ದೊಡ್ಡವರ ಎರಡು ಚೌಕಗಳಿರಬೇಕಾದ ಕಡೆ ಖಾಲಿ ಕಾಗದ.

“ಹಳೇದು ಸವೆದು ಹೋಗಿದೆ,” ಅಂದರು ಡೋಹಿ. “ಪ್ರತಿ ಮಾಡ್ತಿದೀವಿ, ಅಷ್ಟೇ.”

ಎಂಟು ತಿಂಗಳಲ್ಲಿ ಸವೆಯುವ ಕಾಗದವನ್ನು ನಾನಂತೂ ಕೊಂಡಿಲ್ಲ. ಆದರೂ ಮೊಹರು ಹೊರಗೆ ತೆಗೆದೆ.

“ಮುಗಿತಾನಿಯವ್ರು ದೊಡ್ಡ ಮನಸ್ಸು ಮಾಡಿದಾರೆ. ಕಂಪನಿ ಇದನ್ನ ಮರೆಯಲ್ಲ.”

ಮುಗಿತಾನಿಯವರು ತಮ್ಮ ಮೊಹರಿಗೆ ‘ಹಾ’ ಎಂದು ಉಸಿರು ಬಿಟ್ಟು ಒತ್ತಿದರು. ಗುಮಾಸ್ತರು ಒತ್ತಿದರು, ನಾನೂ ಒತ್ತಿದೆ. ಡೋಹಿಯವರು ಎಲ್ಲರಿಗೂ ತಲೆಬಾಗಿ ವಂದಿಸಿ, ಸಂಖ್ಯೆ ಹಾಕಿ ಕಡತಕ್ಕೆ ಸೇರಿಸಲು ಪತ್ರವನ್ನು ನನಗೇ ಕೊಟ್ಟರು. ಜೂನ್‌ನ ಪತ್ರ ಕಾಗದ ಚೂರು ಮಾಡುವ ಯಂತ್ರದ ಬಾಯಿಗೆ ಹೋದದ್ದನ್ನು ಕಣ್ಣಾರೆ ಕಂಡೆ.

ನನ್ನ ಮೇಜಿಗೆ ಬಂದು ನೋಡಿದರೆ ಮುಗಿತಾನಿಯವರ ಮುದ್ರೆ ಎಡಕ್ಕೆ ಬಾಗಿದೆ. ಈ ಪತ್ರದ ಪ್ರಕಾರ ಅವರೇ ಎಲ್ಲರಿಗಿಂತ ದೊಡ್ಡವರು. ಅವರದು ನೆಟ್ಟಗಿರಬೇಕಿತ್ತು. ಇಪ್ಪತ್ತೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಬಾಗಿದೆ. ಡೋಹಿಯವರ ಕಣ್ಣಿಗೆ ಬೀಳಲಿಲ್ಲ, ಬಾಗಿದ ಮುದ್ರೆ ನಮ್ಮಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಎದ್ದು ಹೋಗಿ ಹೇಳಬೇಕಿತ್ತು. ಇನ್ನೊಂದು ಹಾಳೆ ತೆಗೆದು ಮತ್ತೆ ಒತ್ತಿಸಬೇಕಿತ್ತು. ಅಷ್ಟರಲ್ಲಿ ಐದೂ ಇಪ್ಪತ್ತಾಗಿತ್ತು, ಡೋಹಿಯವರು ಕೋಟು ಹಾಕಿಕೊಂಡಿದ್ದರು, ನನಗೂ ಸುಸ್ತಾಗಿತ್ತು. ಕಡತಕ್ಕೆ ಸೇರಿಸಿ ಮನೆಗೆ ಬಂದೆ.

ಫೆಬ್ರವರಿ ೬, ಶನಿವಾರ

ಮಧ್ಯಾಹ್ನ ಮೊಹರು ತೊಳೆದು ಒರೆಸಿದೆ. ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಕೆಂಪು ಮಸಿ ಬಿಡಿಸುವಾಗ ಅಪ್ಪನ ನೆನಪು ಬರುತ್ತದೆ. ಅಪ್ಪ ಮೊಹರು ಕೆತ್ತುವವರು. ನನಗೆ ಕೆಲಸ ಸಿಕ್ಕ ದಿನ ಇದನ್ನು ಕೆತ್ತಿಕೊಟ್ಟರು. ಅಂಗಡಿಯ ಅಗ್ಗದ ಮೊಹರಿಗೆ ಪಕ್ಕದಲ್ಲಿ ಒಂದು ಗೀರು ಇರುತ್ತದೆ, ಬೆರಳಿಗೆ ಸಿಕ್ಕರೆ ಅದೇ ಮೇಲ್ಭಾಗ. ಇದಕ್ಕೆ ಗೀರಿಲ್ಲ. “ಯಾಕಪ್ಪಾ ಮರೆತ್ರಾ?” ಎಂದು ಕೇಳಿದ್ದೆ. “ಮರೀಲಿಲ್ಲ ಮಗಾ. ಗೀರಿದ್ರೆ ನೋಡದೇ ಒತ್ತಿಬಿಡ್ತಾರೆ. ಇಲ್ದಿದ್ರೆ ಒಂದು ಸಲ ತಿರುಗಿಸಿ ನೋಡ್ಬೇಕು. ಆ ಹೊತ್ತಲ್ಲಿ, ಒತ್ತಬೇಕಾ ಬೇಡ್ವಾ ಅಂತ ಯೋಚ್ನೆ ಬಂದ್ರೆ ಬರಲಿ,” ಅಂದಿದ್ದರು.

ಈಗ ಗೀರಿಲ್ಲದೆಯೂ ಬೆರಳಿಗೆ ಗೊತ್ತಾಗುತ್ತದೆ. ಮೂವತ್ತೊಂದು ವರ್ಷ ಕಮ್ಮಿಯೇ?

ಫೆಬ್ರವರಿ ೧೬, ಮಂಗಳವಾರ

ಸರ್ಕಾರಿ ವಕೀಲರ ಕಚೇರಿಯವರು ಸಾಲಾಗಿ ಬಂದು ಕಡತಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ಹೊತ್ತೊಯ್ದರು. ನನ್ನ ಕಪಾಟು ಬೋಳಾಗಿದೆ. ಮಧ್ಯಾಹ್ನ ಮುಗಿತಾನಿಯವರನ್ನು ಬಂಧಿಸಿದರು. ಹೊರಡುವ ಮೊದಲು ಅವರು ಮೇಜಿನ ಮೇಲಿನ ಪೆನ್ಸಿಲ್‌ಗಳನ್ನು ಒಂದೇ ದಿಕ್ಕಿಗೆ ಜೋಡಿಸಿಟ್ಟರು. “ಎಲ್ರಿಗೂ ತೊಂದ್ರೆ ಕೊಟ್ಟೆ,” ಎಂದು ನಮಗೇ ತಲೆಬಾಗಿದರು. ನಾವೂ ಎದ್ದು ತಲೆಬಾಗಿದೆವು. ಉಕೈಯವರ ಕೋಣೆಯ ಬಾಗಿಲು ಮುಚ್ಚಿತ್ತು.

ಮೊಸರನ್ನ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತ್ತಂತೆ. ಇಲ್ಲಿ ಮೇಕೆ ತಾನೇ ಬಾಯಿ ಮುಂದೆ ಮಾಡಿದೆ.

ಭುಜಕ್ಕೆ ನೋವಿನ ಪಟ್ಟಿ ಅಂಟಿಸಿಕೊಂಡೆ.

ಫೆಬ್ರವರಿ ೨೪, ಬುಧವಾರ

ಆಫೀಸಿನಿಂದ ಬಂದಾಗ ಮನೆ ಬಾಗಿಲಲ್ಲಿ ಮುಗಿತಾನಿಯವರ ಹೆಂಡತಿ ಯಾಸುಯೊ ನಿಂತಿದ್ದರು, ಕೈಯಲ್ಲಿ ಸ್ಟ್ರಾಬೆರಿ ಪೆಟ್ಟಿಗೆ. ಒಳಗೆ ಕರೆದರೂ ಹೊಸಿಲು ದಾಟಲಿಲ್ಲ.

“ನಿಮ್ಮನ್ನೂ ವಿಚಾರಣೆಗೆ ಕರೀತಾರಂತೆ,” ಅಂದರು.

“ಕರೀಬಹುದು.”

“ಇವ್ರು ಒಬ್ರೇ ಹೊತ್ಕೊಂಡ್ರೆ ಕಂಪನಿ ನಮ್ಮನ್ನ ಕೈಬಿಡಲ್ಲ ಅಂತ ಡೋಹಿಯವ್ರು ಮಾತು ಕೊಟ್ಟಿದಾರೆ. ಕಂಪನಿ ಮನೇಲೇ ಇರಬಹುದಂತೆ. ಹುಡುಗೀರ ಸ್ಕೂಲು ಬಿಡಿಸಬೇಕಾಗಿಲ್ವಂತೆ. ಮಿನೊವಾ ಅವ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಕೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚಿಗೆ ಹೇಳ್ಬೇಡಿ.”

“ತಪ್ಪು ಅವ್ರೊಬ್ರದ್ದೇ ಅಲ್ಲ ಅಂತ ನಿಮಗೆ ಗೊತ್ತಲ್ವಾ?”

“ಗೊತ್ತು. ಗೊತ್ತಿದ್ದೇ ಬಂದಿದೀನಿ.”

ಮಾತು ಕೊಡಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಪೆಟ್ಟಿಗೆ ಮಾತ್ರ ನನ್ನ ಕೈಗೆ ಬಂದುಬಿಟ್ಟಿತ್ತು. ಅದನ್ನು ಅಮ್ಮನ ಮುಂದಿಟ್ಟೆ. ಅಮ್ಮ ಎರಡು ತಿಂದು, “ಹುಳಿ,” ಅಂದಳು.

ಮಾರ್ಚ್ ೪, ಗುರುವಾರ

ಉಕೈಯವರನ್ನು ಸಂಸತ್ತಿನ ಸಮಿತಿ ಕರೆದಿತ್ತು. ಊಟದ ಕೋಣೆಯ ಟೀವಿ ಮುಂದೆ ಎಲ್ಲರೂ ಚಾಪ್‌ಸ್ಟಿಕ್ಕು ಹಿಡಿದುಕೊಂಡೇ ನಿಂತಿದ್ದರು. “ಆ ಕಾಗದ ನನ್ನವರೆಗೆ ಬಂದಿಲ್ಲ,” ಅಂದರು ಉಕೈ. ಮಿಕ್ಕಿದ್ದಕ್ಕೆಲ್ಲ “ನೆನಪಿಲ್ಲ.” ಉಕೈಯವರು ಎಷ್ಟು ಸಲ ‘ನೆನಪಿಲ್ಲ’ ಅನ್ನುತ್ತಾರೆಂದು ಟೈಪಿಂಗ್ ಹುಡುಗಿಯರು ಬಾಜಿ ಕಟ್ಟಿದ್ದರು. ಹದಿನೇಳು ಸಲ. ಗೆದ್ದವಳು ಹುರುಳಿಲ್ಲದ ಗೆಲುವೆಂದು ಮುಖ ಸಣ್ಣ ಮಾಡಿಕೊಂಡಳು.

ಜೂನ್‌ನಲ್ಲಿ ಆ ಪತ್ರವನ್ನು ಅವರ ಕೋಣೆಗೆ ಒಯ್ದವಳು ನಾನೇ. ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಒತ್ತಿದ್ದರು. ಮುದ್ರೆ ನೆಟ್ಟಗೆ ಬಿದ್ದಿತ್ತು, ಕಂಬದ ಹಾಗೆ.

ಸಂಜೆ ಡೋಹಿಯವರು ನಾಲ್ಕೈದು ಕಾಗದ ಹಿಡಿದು ಬಂದರು. “ಮಿನೊವಾ ಅವ್ರೇ, ಏನಿದು? ನಿಮ್ಮ ಮುದ್ರೆ ನನ್ನ ಪಕ್ಕದಲ್ಲಿ ಎದೆ ಸೆಟೆಸಿಕೊಂಡು ನಿಂತಿದೆಯಲ್ಲಾ!”

ನೋಡಿದೆ. ನಿಜ, ಬಾಗಿದ್ದು ಸಾಲದು. “ಭುಜದ ನೋವು ಸಾರ್, ಕೈ ತಿರುಗ್ತಿಲ್ಲ,” ಅಂದೆ.

“ಮೊದ್ಲು ಡಾಕ್ಟ್ರಿಗೆ ತೋರಿಸಿ.”

ಬಾಗಿದರೆ ಕಾಣುವುದಿಲ್ಲ, ನೆಟ್ಟಗಿದ್ದರೆ ತಕ್ಷಣ ಕಾಣುತ್ತದೆ. ನಾಳೆಯಿಂದ ಎಚ್ಚರವಾಗಿರಬೇಕು.

ಮಾರ್ಚ್ ೧೨, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ. ಡೋಹಿಯವರು ಮತ್ತೆ ಎರಡು ಕಾಗದ ವಾಪಸು ಕಳಿಸಿದರು. ಭುಜ.

ಮಾರ್ಚ್ ೧೮, ಗುರುವಾರ

ಬೆಳಿಗ್ಗೆ ನನ್ನ ಮೇಜಿನ ಕಾಗದದ ತಟ್ಟೆಗೆ ಬಂದದ್ದು: ‘ಕಂಪನಿಯ ಹೆಸರಿಗೆ ಕಳಂಕ ತಂದಿದ್ದಕ್ಕಾಗಿ ಮುಗಿತಾನಿಯವರನ್ನು ಕೆಲಸದಿಂದ ವಜಾ ಮಾಡಲಾಗಿದೆ. ಕುಟುಂಬ ತಿಂಗಳ ಕೊನೆಯೊಳಗೆ ಕಂಪನಿಯ ಮನೆ ತೆರವು ಮಾಡತಕ್ಕದ್ದು.’ ಎಡತುದಿಯ ಚೌಕದಲ್ಲಿ ಉಕೈಯವರ ಮುದ್ರೆ ಮೊದಲೇ ಬಿದ್ದಿತ್ತು. ಈ ಕಾಗದ ಅವರವರೆಗೆ ಬಂದಿದೆ.

ಓದಿ ಮುಗಿಸುವ ಹೊತ್ತಿಗೆ ಕೋಪ ನೆತ್ತಿಗೇರಿತ್ತು. ಇಷ್ಟು ವರ್ಷದಲ್ಲಿ ಆಫೀಸಿನಲ್ಲಿ ಕೋಪ ಬಂದದ್ದು ನೆನಪಿಲ್ಲ. (ನಾನೂ ಉಕೈಯವರ ಹಾಗೆ ಬರೆಯುತ್ತಿದ್ದೇನೆ.) ಕಾಗದವನ್ನು ತಟ್ಟೆಯ ತಳಕ್ಕೆ ಹಾಕಿ ಮೇಲೆ ಬೇರೆ ಕಾಗದ ಪೇರಿಸಿದೆ.

ಮೂರು ಗಂಟೆಗೆ ಡೋಹಿಯವರೇ ಬಂದರು. “ಆ ಕಾಗದ ಎಲ್ಲಿ?”

“ಮನೆ ಬಿಡಿಸಲ್ಲ ಅಂತ ಅವ್ರ ಹೆಂಡತಿಗೆ ಮಾತು ಕೊಟ್ಟಿದ್ರಂತಲ್ಲ, ಸಾರ್?”

ಸುತ್ತಲಿನ ಟೈಪ್‌ರೈಟರುಗಳು ಒಂದೊಂದಾಗಿ ನಿಂತವು. ಡೋಹಿಯವರ ಕಿವಿ ಕೆಂಪಾಯಿತು.

“ಪತ್ರಿಕೆಯವ್ರು ಬಾಗಿಲಲ್ಲಿ ಕೂತಿದಾರೆ. ವಜಾ ಮಾಡ್ಲಿಲ್ಲ ಅಂದ್ರೆ ನಾವೇ ಮಾಡಿಸಿದ್ದು ಅಂತಾರೆ. ನಿಮ್ಗೆ ಇದೆಲ್ಲ ಅರ್ಥ ಆಗಲ್ಲ. ಒತ್ತಿ ಕೊಡಿ.”

“ಮೊಹರು ಮನೇಲಿ ಮರೆತು ಬಂದಿದೀನಿ.”

ಅದು ನನ್ನ ಮೇಜಿನ ಮೇಲೇ ಇತ್ತು, ಮಸಿಯ ಡಬ್ಬಿಯ ಪಕ್ಕದಲ್ಲಿ. ಇಬ್ಬರೂ ಅದನ್ನೇ ನೋಡಿದೆವು. ಇಂಥ ಪೆದ್ದು ಸುಳ್ಳು ಚಿಕ್ಕ ಮಕ್ಕಳೂ ಹೇಳುವುದಿಲ್ಲ. ಡೋಹಿಯವರು ಕಾಗದ ಕಸಿದುಕೊಂಡು ಹೋದರು. ನನ್ನ ಚೌಕ ಖಾಲಿಯಿದ್ದರೂ ಅದು ಜಾರಿಯಾಯಿತು. ಯಾಸುಯೊ ಅವರಿಗೆ ಇಷ್ಟು ಹೊತ್ತಿಗೆ ತಲುಪಿರುತ್ತದೆ.

ಮನೆಗೆ ಬಂದರೆ ಸರ್ಕಾರಿ ವಕೀಲರ ಕಚೇರಿಯ ಕರೆಯೋಲೆ ಬಂದಿತ್ತು. ಮಂಗಳವಾರ ಹತ್ತು ಗಂಟೆಗೆ.

ಮಾರ್ಚ್ ೨೩, ಮಂಗಳವಾರ

ಹೋಗುವ ಮೊದಲು ಡೋಹಿಯವರು ಪಾಠ ಹೇಳಿದರು: “ಕೇಳಿದ್ದಕ್ಕೆ ಹೌದು, ಇಲ್ಲ. ಅಷ್ಟೇ.”

ಸರ್ಕಾರಿ ವಕೀಲರ ಹೆಸರು ಒರಿಬೆ. ನಲವತ್ತರ ಆಸುಪಾಸು, ನಿದ್ದೆಗೆಟ್ಟ ಮುಖ. ಅವರ ಮೇಜಿನ ಮೇಲೆ ಆ ಮೂರು ಚೌಕದ ಪತ್ರವಿತ್ತು.

“ಇದು ನಿಮ್ಮ ಮುದ್ರೆನಾ?”

“ಹೌದು.”

“ಕಡತಕ್ಕೆ ಸೇರಿಸಿದ್ದೂ ನೀವೇ?”

“ಹೌದು.”

“ಸರಿ. ಮುಗಿತಾನಿಯವ್ರೂ ಇದನ್ನೇ ಹೇಳಿದಾರೆ, ತೀರ್ಮಾನ ಪೂರ್ತಿ ತಮ್ಮದೇ ಅಂತ. ನಿಮ್ಗೆ ತೊಂದ್ರೆ ಕೊಟ್ವಿ.”

ಮುಗಿಯಿತು. ಹತ್ತು ನಿಮಿಷವೂ ಆಗಿರಲಿಲ್ಲ. ಅವರು ಕಾಗದ ಜೋಡಿಸತೊಡಗಿದರು. ನಾನು ಏಳಬೇಕಿತ್ತು, ಏಳಲಿಲ್ಲ. ನನಗೆ ಬಂದ ಕರೆಯೋಲೆ ನನ್ನ ಕೈಯಲ್ಲೇ ಇತ್ತು. ಅದರ ಕೆಳಗೆ ಅವರ ಮುದ್ರೆ.

“ಸಾಹೇಬ್ರೇ, ನಿಮ್ಮ ಮುದ್ರೆ ಓರೆಯಾಗಿದೆ,” ಅಂದೆ.

ಅವರು ತಲೆಯೆತ್ತಿದರು. “ಅದು... ಪಕ್ಕದ್ದು ನಮ್ಮ ಮುಖ್ಯಸ್ಥರದು. ನಮ್ಮಲ್ಲಿ ಹಾಗೇ ಒತ್ತೋದು.”

“ನಮ್ಮಲ್ಲೂ ಹಾಗೇ. ಮುಗಿತಾನಿಯವರದ್ದು ಯಾರಿಗೆ ಬಗ್ಗಿದೆ, ನೋಡಿ.”

ಒರಿಬೆಯವರು ಆ ಪತ್ರವನ್ನು ಕೈಗೆತ್ತಿಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುದ್ರೆಯ ಎಡಕ್ಕಿದ್ದ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು.

“ಇದು ಬರೀ ಅಭ್ಯಾಸ ಅಂತ ಕಂಪನಿ ವಕೀಲರು ಹೇಳಬಹುದು,” ಅಂದರು ಮೆಲ್ಲಗೆ.

“ಅಭ್ಯಾಸಾನೇ. ಕಲಿಸಿದ್ದು ನಾನು. ಫೆಬ್ರವರಿ ಐದಕ್ಕೆ ಕೂತು ಇದನ್ನ ಒತ್ತಿದ್ವಿ, ತಾರೀಖು ಮಾತ್ರ ಜೂನ್‌ದು. ನಿಜವಾದ ಪತ್ರಕ್ಕೆ ಐದು ಚೌಕ ಇತ್ತು. ಉಕೈಯವ್ರ ಹತ್ರ ಅದನ್ನ ತಗೊಂಡು ಹೋದವಳು ನಾನು.”

“ಇದನ್ನ ಬರ್ಕೊಂಡ್ರೆ ನಿಮ್ಮ ಮೇಲೂ ಬರುತ್ತೆ, ಗೊತ್ತಾ? ಸುಳ್ಳು ಕಾಗದಕ್ಕೆ ನೀವೂ ಮುದ್ರೆ ಒತ್ತಿದೀರಿ.”

“ಗೊತ್ತು.”

ಬರೆದು, ಓದಿ ಹೇಳಿ, ಮತ್ತೆ ಬರೆದು ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಕೊನೆಯ ಹಾಳೆಯ ಕೆಳಗೆ ನನ್ನ ಮುದ್ರೆ ಬೇಕೆಂದರು. ಮೊಹರು ತೆಗೆದುಕೊಂಡರೆ ಯಾಕೋ ಬೆರಳಿಗೆ ಮೇಲು ಕೆಳಗು ತಿಳಿಯಲಿಲ್ಲ. ತಿರುಗಿಸಿ ನೋಡಿ ಒತ್ತಿದೆ. ನೆಟ್ಟಗೆ ಬಿತ್ತು. ಅಲ್ಲಿ ಇದ್ದದ್ದೇ ಒಂದು ಹೆಸರು, ಅದಕ್ಕೇ ಇರಬೇಕು.

ಯಾಸುಯೊ ಅವರ ಮುಖ ಕಣ್ಣಿಂದ ಹೋಗುತ್ತಿಲ್ಲ. ಒಳ್ಳೆಯದು ಮಾಡಿದೆನೋ, ಅವರ ತಲೆಯ ಮೇಲೆ ಕಲ್ಲು ಹಾಕಿದೆನೋ ತಿಳಿಯದು.

ಮಾರ್ಚ್ ೩೧, ಬುಧವಾರ

ಕವಾಸಾಕಿ ಊರಿನ ಗೋದಾಮಿಗೆ ವರ್ಗ. ಟಾರ್ಪಾಲುಗಳ ಉಸ್ತುವಾರಿಯಂತೆ. ನನ್ನ ಜಾಗದಲ್ಲಿ ಹೊಸ ಹುಡುಗಿ ಕೂತಿದ್ದಾಳೆ. ಬೀಳ್ಕೊಡುವಾಗ ಹೂವಿಲ್ಲ, ಮಾತಿಲ್ಲ. ಬಾಜಿ ಗೆದ್ದ ಹುಡುಗಿ ಮಾತ್ರ ಲಿಫ್ಟಿನವರೆಗೆ ಬಂದು ನನ್ನ ಕೈಚೀಲಕ್ಕೆ ಒಂದು ಕಿತ್ತಳೆ ಹಾಕಿ ಓಡಿಹೋದಳು.

ಏಪ್ರಿಲ್ ೯, ಶುಕ್ರವಾರ

ಉಕೈಯವರ ಬಂಧನ. ಡೋಹಿಯವರದೂ. ಉಪಮಂತ್ರಿ ಆಸ್ಪತ್ರೆ ಸೇರಿದ್ದಾರೆ. ಚಾಕೊಲೇಟಿನ ಮನುಷ್ಯ ತನ್ನ ದೇಶದಲ್ಲಿದ್ದಾನೆ, ರಾಡಾರುಗಳು ನಮ್ಮ ಕರಾವಳಿಯಲ್ಲಿ ತಿರುಗುತ್ತಲೇ ಇವೆ.

ಏಪ್ರಿಲ್ ೧೮, ಭಾನುವಾರ

ಮುಗಿತಾನಿಯವರು ಮನೆಗೆ ಬಂದರು. ಜಾಮೀನು ಸಿಕ್ಕಿ ನಾಲ್ಕು ದಿನವಾಯಿತಂತೆ. ಅಂಗಿಯ ಕೊರಳಪಟ್ಟಿ ಕುತ್ತಿಗೆಗಿಂತ ದೊಡ್ಡದಾಗಿ ಕಾಣುತ್ತಿತ್ತು.

“ಬಾಪ್ಪಾ,” ಅಂದಳು ಅಮ್ಮ. “ಒಳಗೆ ಊಟ ಹೇಗಿತ್ತು?”

“ಬಾರ್ಲಿ ಅನ್ನ, ಅಜ್ಜಿ. ನಮ್ಮ ಆಫೀಸ್ ಊಟಕ್ಕಿಂತ ಪರವಾಗಿಲ್ಲ.”

ನಾನು ಎದ್ದು ಚಹಾ ಮಾಡಿದೆ. ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯದೆ ಕೂತರು.

“ನಿಮ್ಮ ಮೇಲೆ ತುಂಬಾ ಕೋಪ ಇತ್ತು, ಮಿನೊವಾ ಅವ್ರೇ. ನನ್ನ ಪಾಡಿಗೆ ಹೊತ್ಕೊಂಡಿದ್ದೆ. ಯಾರು ಕೇಳಿದ್ರು ನಿಮ್ಮನ್ನ?”

“ಯಾರೂ ಕೇಳ್ಲಿಲ್ಲ.”

“ಮನೆ ಖಾಲಿ ಮಾಡಿಸಿದ ವಿಷಯ ಒರಿಬೆಯವ್ರೇ ಹೇಳಿದ್ರು. ಆಗ್ಲೂ ನಾನು ಬಾಯಿ ಬಿಡ್ಲಿಲ್ಲ. ಆಮೇಲೆ ಆ ಪತ್ರ ಮುಂದಿಟ್ರು. ನನ್ನ ಮುದ್ರೆ ಮೇಲೆ ಬೆರಳಿಟ್ರು. ಆಗ ಎಲ್ಲಾ ಹೇಳ್ಬಿಟ್ಟೆ.” ಮುಗಿತಾನಿಯವರು ಬಟ್ಟಲು ಕೆಳಗಿಟ್ಟರು. “ಎದುರಿಗೆ ಯಾರೂ ಇಲ್ಲ. ಖಾಲಿ ಕಾಗದ. ಆದ್ರೂ ಬಗ್ಗಿದೀನಿ.”

ಅವರು ಅತ್ತರು. ಅಮ್ಮ ಕಿಟಕಿಯ ಕಡೆ ತಿರುಗಿಕೊಂಡಳು. ಅವತ್ತು ಅಷ್ಟು ಚೆನ್ನಾಗಿ ಕಲಿಸಿದ್ದಕ್ಕೆ ನನಗೆ ನಾಚಿಕೆಯಾಯಿತು, ಅದನ್ನು ಬಾಯಿಬಿಟ್ಟೂ ಹೇಳಿದೆ. ಬಿಡಿ ಎನ್ನುವಂತೆ ಅವರು ಕೈಯಾಡಿಸಿದರು.

ಆಮೇಲೆ ಜೇಬಿನಿಂದ ಮಡಿಸಿದ ಅರ್ಜಿ ತೆಗೆದರು. ತರಕಾರಿ ಸಗಟು ಮಾರುಕಟ್ಟೆಯಲ್ಲಿ ಕೆಲಸವಂತೆ. ಹೆಂಡತಿ ಮಕ್ಕಳು ಸದ್ಯಕ್ಕೆ ಭಾವಮೈದನ ಮನೆಯಲ್ಲಿದ್ದಾರೆ. ಯಾಸುಯೊ ಇನ್ನೂ ನನ್ನ ಹೆಸರೆತ್ತಿದರೆ ಮಾತಾಡುವುದಿಲ್ಲವಂತೆ.

“ಒಂದೇ ಹಾಳೆ ಕೊಟ್ಟಿದಾರೆ, ಕೆಡಿಸೋ ಹಾಗಿಲ್ಲ,” ಅಂದರು. ಮೊಹರು ಹಿಡಿದು ನನ್ನನ್ನು ನೋಡಿದರು. “ಇದನ್ನ ಹೇಗೆ ಒತ್ತೋದು?”

“ನೆಟ್ಟಗೆ,” ಅಂದೆ.

ಅಭ್ಯಾಸಕ್ಕೆಂದು ಹಳೇ ಪತ್ರಿಕೆ ಹಾಸಿದೆ. ಮೊದಲನೆಯದು ಎಡಕ್ಕೆ ಬಾಗಿತು. ಎರಡನೆಯದೂ ಬಾಗಿತು. ಮುಗಿತಾನಿಯವರಿಗೆ ನಗು ಬಂತು, ಆರನೆಯದು ಬಾಗಿದಾಗ ನಗು ನಿಂತಿತು. ಪತ್ರಿಕೆಯ ಅಂಚಿನ ತುಂಬ ಕೆಂಪು ಮುದ್ರೆಗಳು. ನಾನೂ ನನ್ನ ಮೊಹರು ತಂದು ಪಕ್ಕದಲ್ಲಿ ಒಂದೊಂದೇ ಒತ್ತಿ ತೋರಿಸಿದೆ. “ಗೀರು ಹುಡುಕ್ಬೇಡಿ. ಕಣ್ಣಲ್ಲಿ ನೋಡಿ ಒತ್ತಿ,” ಅಂದೆ.

“ಫುಮೀ, ನಿನ್ನ ಭುಜ ಯಾವಾಗ ವಾಸಿಯಾಯ್ತೇ?” ಅಂದಳು ಅಮ್ಮ.

“ಎಲ್ಲಿ ವಾಸಿ? ಹಾಗೇ ಇದೆ.”

“ಈಗ ಚಹಾ ಡಬ್ಬಿ ಇಳಿಸಿದ್ದು ಯಾವ ಕೈಯಲ್ಲಿ?”

ನನಗೆ ನೆನಪಿರಲಿಲ್ಲ.

ಮುಗಿತಾನಿಯವರು ಅರ್ಜಿಯನ್ನು ಮುಂದಕ್ಕೆ ಎಳೆದುಕೊಂಡರು. ಮೊಹರಿಗೆ ಉಸಿರು ಬಿಟ್ಟು, ತಿರುಗಿಸಿ ನೋಡಿ, ಒತ್ತಿ, ಹಾಗೇ ಹಿಡಿದುಕೊಂಡಿದ್ದು ಮೆಲ್ಲಗೆ ಎತ್ತಿದರು. ನಾವು ಮೂವರೂ ತಲೆ ಬಗ್ಗಿಸಿ ನೋಡಿದೆವು. ನೆಟ್ಟಗಿತ್ತು.